ಅಪ್‌ಡೇಟ್: 10 ವಾರದ ಮರಿಗೂ ಮೊಟ್ಟೆ ಕೋಳಿಗೂ ಒಂದೇ ಫೀಡ್ ನಡೆಯುತ್ತಾ?

ಹದಿನೈದು ದಿನದ ಹಿಂದೆ ಕೇಳಿದ್ದೆ: ಮಾಲೂರಲ್ಲಿ ಒಂದೇ ಗೂಡು, 10 ವಾರದ ಗಿರಿರಾಜ ತಳಿಯ ಮರಿಗಳು, ಜೊತೆಗೆ ಮೊಟ್ಟೆ ಇಡೋ ಕೋಳಿಗಳು. ಎಲ್ಲಕ್ಕೂ ಲೇಯರ್ ಮ್ಯಾಶ್ (ಮೊಟ್ಟೆ ಕೋಳಿಯ ಫೀಡ್) ಹಾಕ್ತಿದ್ದೆ. ಮರಿಗಳು ಮಂಕು, ಹಿಕ್ಕೆ ನೀರು ನೀರು.

ಈಗ ಚುರುಕಾಗಿವೆ. ಕೆಲಸಕ್ಕೆ ಬಂದದ್ದು "ಎಲ್ಲಕ್ಕೂ ಗ್ರೋವರ್ ಹಾಕಿ, ಕಪ್ಪೆಚಿಪ್ಪು ಬೇರೆ ಬಟ್ಟಲಲ್ಲಿಡಿ" ಅಂತ ಉತ್ತರ ಕೊಟ್ಟ ಒಬ್ಬ ಅಣ್ಣನ ಮಾತು. ಗ್ರೋವರ್ ಅಂದ್ರೆ ಬೆಳೆಯೋ ಮರಿಗಳ ಫೀಡ್; ಮೊಟ್ಟೆ ಕೋಳಿಗೆ ಬೇಕಾದ ಹೆಚ್ಚಿನ ಕ್ಯಾಲ್ಸಿಯಂ ಕಪ್ಪೆಚಿಪ್ಪಿಂದ ಸಿಗುತ್ತೆ. ಲೇಯರ್ ಫೀಡಲ್ಲಿ ಕ್ಯಾಲ್ಸಿಯಂ ಸುಮಾರು ಶೇ 3.5, ಬೆಳೆಯೋ ಮರಿಗೆ ಶೇ 1 ಸಾಕು, ಮಿಕ್ಕಿದ್ದು ಮೂತ್ರಪಿಂಡ ಕೆಡಿಸುತ್ತೆ. ಮೂರು ದಿನ ಅರ್ಧರ್ಧ ಬೆರೆಸಿ ಆಮೇಲೆ ಪೂರ್ತಿ ಬದಲಾಯಿಸಿದೆ.

ಬರೀ ರಾಗಿ, ತೌಡು ಹಾಕೋ ಸಲಹೆ ಆಗಲಿಲ್ಲ. ರಾಗಿಯಲ್ಲಿ ಪ್ರೋಟೀನ್ ಶೇ 7ರ ಆಸುಪಾಸು, ಈ ವಯಸ್ಸಿಗೆ ಶೇ 16 ಬೇಕು. ಸಂಜೆ ಒಂದು ಹಿಡಿ ಚೆಲ್ಲೋಕೆ ಸರಿ, ಅಷ್ಟೇ.

ಗೊತ್ತಿಲ್ಲದ ವಿಷಯ ಒಂದಿತ್ತು: ಕಪ್ಪೆಚಿಪ್ಪು ನುಣ್ಣನೆ ಪುಡಿ ಇರಬಾರದು. ಮೊಟ್ಟೆ ಸಿಪ್ಪೆ ಕಟ್ಟೋದು ಹೆಚ್ಚಾಗಿ ರಾತ್ರಿ. ತರಿ ತರಿ ಚೂರು ಹೊಟ್ಟೇಲಿ ನಿಂತು ನಿಧಾನ ಕರಗುತ್ತೆ, ಪುಡಿ ಬೇಗ ಜಾರಿಹೋಗುತ್ತೆ. ಪುಡಿ ಇಟ್ಟಾಗ ಸಿಪ್ಪೆ ತೆಳುವಾಗಿತ್ತು, ಚೂರಿಗೆ ಬದಲಾಯಿಸಿದ ಮೇಲೆ ಗಟ್ಟಿ.

ಮರಿಗಳಿಗೆ ಲೇಯರ್ ಇನ್ನು ಮೊದಲ ಮೊಟ್ಟೆ ಕಂಡಾಗಲೇ.