ಮೂಡಿಗೆರೆ ಕಡೆ ಬಲೂನ್ ಹತ್ತಬಹುದಾ? ಅನುಭವ ಇದ್ದವರು ಹೇಳಿ

ಹಾಸನದಿಂದ, ಕೇಳಿದವರು:
ದಸರಾ ರಜೆಗೆ ಮೂಡಿಗೆರೆ ಹತ್ತಿರ ಒಂದು ಹೋಂಸ್ಟೇಗೆ ಹೋಗ್ತಿದ್ದೀವಿ. ಅಲ್ಲಿ ಬಿಸಿಗಾಳಿ ಬಲೂನ್ ತರಿಸ್ತಾರಂತೆ. ಹಗ್ಗ ಕಟ್ಟಿ ಏರಿಸ್ತಾರೆ, ಹವಾ ಚೆನ್ನಾಗಿದ್ರೆ ಬಿಟ್ಟೂ ಹಾರಿಸ್ತಾರೆ ಅಂದ್ರು. ಅಮ್ಮನಿಗೆ 63, ಮಂಡಿ ನೋವಿದೆ, ಆದ್ರೂ ಹತ್ತಲೇಬೇಕು ಅಂತಾರೆ. ಮಗಳಿಗೆ 9. ಏನೇನು ನೋಡ್ಕೋಬೇಕು?

ಅರಸೀಕೆರೆಯಿಂದ:
ನಾನೂ ನಮ್ಮ ಯಜಮಾನ್ರೂ ಜೈಪುರದಲ್ಲಿ ಹತ್ತಿದ್ವಿ. ಮೇಲಿದ್ದಷ್ಟು ಹೊತ್ತು ಸೆರಗಿನ ತುದಿ ಕೂಡ ಅಲ್ಲಾಡಲಿಲ್ಲ. ಗಾಳಿ ಜೊತೆಗೇ ತೇಲ್ತಿರೋದ್ರಿಂದ ಗಾಳಿ ಇರೋದೇ ಗೊತ್ತಾಗಲ್ಲ. ಗೊತ್ತಾಗೋದು ನೆಲ ಮುಟ್ಟಿದಾಗ. ಬುಟ್ಟಿ ಒಂದ್ಸಲ ಕುಕ್ಕಿತು, ಮತ್ತೆ ಎದ್ದಿತು, ಆಮೇಲೆ ಮಗ್ಗುಲಿಗೆ ಬಿದ್ದು ಹೊಲದಲ್ಲಿ ದರದರ ಎಳ್ಕೊಂಡು ಹೋಯ್ತು. ನಾನು ಮೊಬೈಲ್ ಹಿಡ್ಕೊಂಡು ಅಂಚಿನಾಚೆ ಕೈ ಚಾಚಿದ್ದೆ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು ಆರು ವಾರ ಕಟ್ಟು ಹಾಕಿಸ್ಕೊಂಡೆ. ಇಳಿಯುವಾಗ ಹೇಗಿರಬೇಕು ಅಂತ ಹತ್ತೋ ಮುಂಚೆ ಸರಿಯಾಗಿ ಹೇಳಿಕೊಟ್ಟಿರಲೇ ಇಲ್ಲ.

ಆಮೇಲೆ ಕಲಿತದ್ದು ಇದು: ಹೋಗ್ತಿರೋ ದಿಕ್ಕಿಗೆ ಬೆನ್ನು ಮಾಡಿ ಬುಟ್ಟಿಗೆ ಒರಗಬೇಕು, ಮಂಡಿ ಸ್ವಲ್ಪ ಬಗ್ಗಿಸಬೇಕು, ಒಳಗಿನ ಹಗ್ಗದ ಹಿಡಿಯನ್ನ ಎರಡೂ ಕೈಯಲ್ಲಿ ಹಿಡಿಬೇಕು. ಕುಕ್ಕುವ ಪೆಟ್ಟನ್ನೆಲ್ಲ ತಗೊಳ್ಳೋದು ಆ ಮಂಡಿಗಳೇ. ಅದಕ್ಕೇ ಹೇಳ್ತೀನಿ, ಅಮ್ಮನ್ನ ಬೇಡ. ಮಗುವನ್ನ ಎತ್ತಿಕೊಂಡು ತೋರಿಸೋಕೂ ಹೋಗಬೇಡಿ, ಇಳಿಯುವಾಗ ನಿಮ್ಮ ಎರಡೂ ಕೈ ನಿಮಗೇ ಬೇಕು.

ಚಿಕ್ಕಮಗಳೂರಿನಿಂದ:
ಇಪ್ಪತ್ತು ವರ್ಷ ಈ ತೋಟಗಳ ಕರೆಂಟ್ ಲೈನ್ ಮೇಲೆ ಕೆಲಸ ಮಾಡಿದವನು ನಾನು. ಬಿಟ್ಟು ಹಾರಿಸ್ತೀವಿ ಅಂದ್ರೆ ಒಪ್ಪಲೇಬೇಡಿ. ಬಲೂನಿಗೆ ಸ್ಟೀರಿಂಗ್ ಇಲ್ಲ. ಏರಿ ಇಳಿದು ಬೇರೆ ಗಾಳಿ ಹುಡುಕಬಹುದು, ಅಷ್ಟೇ. ನಮ್ಮಲ್ಲಿ ಇಳಿಯೋಕೆ ಬಯಲೆಲ್ಲಿದೆ? ಸಿಲ್ವರ್ ಓಕ್, ಕಣಿವೆ, ಪೈರು ನಿಂತ ಗದ್ದೆ. ಮರಗಳ ನಡುವೆ ಹೋಗಿರೋ 11 ಕೆವಿ ತಂತಿ ಹತ್ತಿರದಿಂದಲೇ ಕಾಣಲ್ಲ, ನಾವೇ ಕಂಬ ನೋಡಿ ಲೈನ್ ಗುರುತಿಸ್ತೀವಿ. ಬೆಳಗಿನ ಮಂಜಲ್ಲಿ ಕಂಬವೂ ಕಾಣಲ್ಲ. 2012ರಲ್ಲಿ ನ್ಯೂಜಿಲೆಂಡ್‌ನ ಕಾರ್ಟರ್ಟನ್‌ನಲ್ಲಿ ಬಲೂನ್ ತಂತಿಗೆ ಸಿಕ್ಕಿ 11 ಜನ ಸತ್ತರು. 2016ರಲ್ಲಿ ಟೆಕ್ಸಾಸ್‌ನ ಲಾಕ್‌ಹಾರ್ಟ್‌ನಲ್ಲಿ 16 ಜನ. ಅವತ್ತು ಮಂಜು ಕವಿದಿತ್ತು, ಪೈಲಟ್ ಹಾರಾಟ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ.

ಸಕಲೇಶಪುರದಿಂದ:
ಹಗ್ಗ ಕಟ್ಟಿದ್ರೆ ಭಯ ಇಲ್ಲ ಅಂದ್ಕೋಬೇಡಿ. ಬಿಟ್ಟ ಬಲೂನ್ ಗಾಳಿ ಜೊತೆ ಹೋಗುತ್ತೆ, ಕಟ್ಟಿದ್ದು ಗಾಳಿಗೆ ಎದೆಯೊಡ್ಡಿ ನಿಲ್ಲುತ್ತೆ. ಒಂದು ಸಮಾರಂಭದಲ್ಲಿ ಹಗ್ಗ ಹಿಡಿಯೋರ ಜೊತೆ ನಾನೂ ಇದ್ದೆ. ಸಣ್ಣ ಗಾಳಿ ಬೀಸಿದ್ದಕ್ಕೇ ಹಗ್ಗ ಕಟ್ಟಿದ್ದ ಜೀಪು ಜಗ್ಗಿತು.

ಇನ್ನೊಂದು ಮಾತು, ಪೈಲಟ್ ಹೇಳೋವರೆಗೂ ಯಾರೂ ಬುಟ್ಟಿಯಿಂದ ಇಳಿಯಬಾರದು. ಒಬ್ಬರ ಭಾರ ಇಳಿದರೂ ಬಲೂನ್ ಉಳಿದವರನ್ನ ಎತ್ಕೊಂಡು ಹೋಗಬಹುದು. ಬ್ರೆಜಿಲ್‌ನಲ್ಲಿ 2025ರ ಜೂನ್‌ನಲ್ಲಿ ಬುಟ್ಟಿಯೊಳಗೆ ಬೆಂಕಿ ಹತ್ತಿದಾಗ ಪೈಲಟ್ ನೆಲದ ಹತ್ತಿರ ತಂದು ನೆಗೆಯೋಕೆ ಹೇಳಿದ. 21 ಜನರಲ್ಲಿ ಅವನೂ ಸೇರಿ 13 ಜನ ನೆಗೆದರು. ಹಗುರಾದ ಬಲೂನ್ ಮತ್ತೆ ಏರಿತು, ಉಳಿದ 8 ಜನರೂ ಸತ್ತರು. ಬುಟ್ಟಿಯಲ್ಲಿ ಬೆಂಕಿ ಆರಿಸೋ ಸಿಲಿಂಡರ್ ಇದೆಯಾ ನೋಡಿ. ಪೈಲಟ್ ಹತ್ರ ಡಿಜಿಸಿಎ (ಕೇಂದ್ರ ಸರ್ಕಾರದ ವಿಮಾನಯಾನ ನಿರ್ದೇಶನಾಲಯ) ಕೊಟ್ಟ ಲೈಸೆನ್ಸ್ ಕೇಳಿ. ಗಾಳಿ ಎದ್ದು ಹಾರಾಟ ನಿಂತರೆ ದುಡ್ಡು ವಾಪಸ್ ಕೊಡ್ತಾರಾ ಅಂತಲೂ ಕೇಳಿ. ಕೊಡಲ್ಲ ಅನ್ನೋ ಕಡೆ ಜನರೇ ಪೈಲಟ್‌ಗೆ ಹಾರಿಸು ಅಂತ ದುಂಬಾಲು ಬೀಳ್ತಾರೆ.

ಹಾಸನದಿಂದ, ಕೇಳಿದವರು:
ಅಕ್ಕ, ಅಣ್ಣಂದಿರೇ, ತುಂಬಾ ಉಪಕಾರ ಆಯ್ತು. ಫೋನ್ ಮಾಡಿದೆ. ಲೈಸೆನ್ಸ್ ಕೇಳಿದ್ದಕ್ಕೆ ಬಂದಾಗ ನೋಡೋಣ ಅಂದ್ರು, ದುಡ್ಡು ವಾಪಸ್ ಇಲ್ಲ ಅಂದ್ರು. ಬುಕ್ ಮಾಡಲಿಲ್ಲ. ಅಮ್ಮನಿಗೆ ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, ಹಾಗಾದ್ರೆ ಜೀಪಲ್ಲಿ ದೇವರಮನೆ ಗುಡ್ಡಕ್ಕೆ ಕರ್ಕೊಂಡು ಹೋಗು ಅಂದ್ರು.