ಯುಗಾದಿಯ ನಂತರ ಕಾಳಿ ನದಿಯಲ್ಲಿ ಪ್ಯಾಕ್‌ರಾಫ್ಟ್: ಅನುಭವಸ್ಥರು ತಿಳಿಸಿ

ಹುಬ್ಬಳ್ಳಿ, ವಿದ್ಯಾನಗರ: ಯುಗಾದಿ ಮುಗಿದ ಮೇಲೆ ಗಣೇಶಗುಡಿಯ ಬಳಿ ಕಾಳಿ ನದಿಯ ಸೆಳವಿನಲ್ಲಿ ಒಂದು ದಿನ, ಗಾಳಿ ಊದಿ ನಡೆಸುವ, ಮಡಚಿ ಒಯ್ಯಬಹುದಾದ ಪುಟ್ಟ ದೋಣಿಯಾದ ಪ್ಯಾಕ್‌ರಾಫ್ಟ್ ನಡೆಸಬೇಕೆಂದು ಗೆಳೆಯರಿಬ್ಬರು ಯೋಚಿಸಿದ್ದೇವೆ. ಇಬ್ಬರಿಗೂ ಈಜು ಬರುತ್ತದೆ. ನೀರು ಒಳಬಾರದಂತೆ ಕುಳಿತವರ ಸೊಂಟದ ಸುತ್ತ ಮುಚ್ಚಿಕೊಳ್ಳುವ ಹೊದಿಕೆಯಿರುವ ದೋಣಿ ಒಳ್ಳೆಯದೋ, ತಳದ ರಂಧ್ರಗಳಿಂದ ನೀರು ತಾನಾಗಿ ಹೊರಹೋಗುವ ದೋಣಿಯೋ?

ಧಾರವಾಡ, ನಿವೃತ್ತ ಮಾಸ್ತರ: ನನ್ನದು ಹೊದಿಕೆಯ ದೋಣಿ. ವಿದೇಶದಿಂದ ತರಿಸಿದ ದೋಣಿಗೆ 96,000 ರೂಪಾಯಿ, ಸೀಮಾಸುಂಕ ಮತ್ತು ಸಾಗಣೆಗೆ 41,500, ನಾಲ್ಕು ತುಂಡಾಗಿ ಬಿಚ್ಚಿಡುವ ಹುಟ್ಟಿಗೆ 14,200, ಲೈಫ್ ಜಾಕೆಟ್ಟಿಗೆ 6,900, ಹೆಲ್ಮೆಟ್ಟಿಗೆ 3,800. ಇಷ್ಟಾದ ಮೇಲೂ ಪಾರ್ಸೆಲ್ ಬಿಡಿಸಿಕೊಟ್ಟ ಮಧ್ಯವರ್ತಿ ಗೋದಾಮಿನ ಬಾಡಿಗೆಯೆಂದು 2,350 ಕಿತ್ತುಕೊಂಡದ್ದು ಇಂದಿಗೂ ಹೊಟ್ಟೆ ಉರಿಸುತ್ತದೆ. ಆದರೂ ಸುಮಾರು ಮೂರು ಕಿಲೋ ತೂಕದ ಆ ದೋಣಿಯನ್ನು ಮಡಚಿ, ದಾಂಡೇಲಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುವ ಸುಖ ಬೇರೆ. ಜಲಾಶಯದ ಆಳದಿಂದ ಬರುವ ನೀರು ಚೈತ್ರದಲ್ಲೂ ತಣ್ಣಗಿರುವುದರಿಂದ, ದಡದಲ್ಲಿ ಬಿಗಿಯಾಗಿ ಊದಿದ ದೋಣಿ ನೀರಿಗಿಳಿದೊಡನೆ ಒಳಗಿನ ಗಾಳಿ ಕುಗ್ಗಿ ಮೆತ್ತಗಾಗುತ್ತದೆ. ಅದನ್ನು ತೋಯಿಸಿ, ಬಾಯಿಯಿಂದ ಮತ್ತೊಮ್ಮೆ ಊದಿಯೇ ಹೊರಡಬೇಕು.

ಗದಗ: ಮಾಸ್ತರರೇ, ಊದುವುದನ್ನು ಹೇಳಿದಿರಿ, ಗಾಳಿ ಬಿಡುವುದನ್ನು ಹೇಳಲಿಲ್ಲ. ಹಾಗೆ ಬಿಗಿಮಾಡಿದ ದೋಣಿಯನ್ನು ಊಟದ ಹೊತ್ತಿಗೆ ಕಾದ ಬಂಡೆಯ ಮೇಲೆ ಬಿಟ್ಟರೆ ಗಾಳಿ ಹಿಗ್ಗಿ ಹೊಲಿಗೆಯೇ ಬಿಡುತ್ತದೆ. ನಮ್ಮ ತಂಡದವರೊಬ್ಬರ ದೋಣಿಗೆ ಹೀಗೇ ಆಯಿತು. ಸೈಕಲ್ ಟ್ಯೂಬಿನ ಸೊಲ್ಯೂಷನ್ನಿನಿಂದ ಹಾಕಿದ ತೇಪೆ ಆ ಲೇಪನದ ಬಟ್ಟೆಗೆ ಕಚ್ಚಲಿಲ್ಲ. ಸರಿಯಾದ ಅಂಟು ತರಿಸಲು 1,780 ರೂಪಾಯಿ, ಅದು ಬರುವಷ್ಟರಲ್ಲಿ ಮಳೆಗಾಲ. ನನ್ನದು ರಂಧ್ರದ ದೋಣಿ. ಕುಳಿತಷ್ಟು ಹೊತ್ತೂ ಸೊಂಟ ತೋಯುತ್ತದೆ, ನಿಜ. ಆದರೆ ಮಗುಚಿದಾಗ ತಲೆಕೆಳಗಾಗಿ, ಎಳೆದು ಹೊದಿಕೆ ಬಿಚ್ಚುವ ಕುಣಿಕೆ ಹುಡುಕುವ ಪ್ರಾರಬ್ಧ ನನಗಿಲ್ಲ.

ಹಾವೇರಿ: ನೀವಿಬ್ಬರೂ ದೋಣಿಯ ಬಗ್ಗೆ ಜಗಳಾಡುತ್ತೀರಿ, ನೀರಿನ ಬಗ್ಗೆ ಯಾರೂ ಹೇಳುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿನ ಸೆಳವು ಸೂಪಾ ಅಣೆಕಟ್ಟಿನ ವಿದ್ಯುದಾಗಾರ ಬಿಡುವ ನೀರನ್ನು ನಂಬಿಕೊಂಡಿದೆ. ನೀರು ಖಂಡಿತ ಬರುತ್ತದೆಂದು ರೆಸಾರ್ಟಿನವರೊಬ್ಬರು ಹೇಳಿದ್ದರಿಂದ ಟ್ಯಾಕ್ಸಿಗೆ 5,600, ಕೋಣೆಗೆ 4,200 ಸುರಿದು ಹೋದ ನಾವು, ಸಂಜೆಯವರೆಗೆ ಬೋಳು ಬಂಡೆ ನೋಡುತ್ತ ಕುಳಿತೆವು. ಮುಂಗಡ ಇನ್ನೂ ಮರಳಿಲ್ಲ. ಈಗ ನಾನು ಗೈಡ್ ಇರುವ ದೊಡ್ಡ ರಾಫ್ಟಿನಲ್ಲಿ ಮಾತ್ರ ಕೂರುತ್ತೇನೆ.

ಗದಗ: ಆರೆಂಟು ಜನ ಕೂರುವ ರಾಫ್ಟಿನ ಅನುಭವವನ್ನು ಇಲ್ಲಿ ಕೇಳಿದವರು ಯಾರು?

ಹಾವೇರಿ: ಒಬ್ಬರೇ ಹೋಗಿ ಬಂಡೆಗೆ ಸಿಕ್ಕಿಕೊಂಡಾಗ ಹಗ್ಗ ಎಸೆಯುವವರು ಯಾರೆಂಬುದನ್ನು ಮೊದಲು ತಿಳಿಸಿ. ಕೆಳಗೆ ದಾಂಡೇಲಿಯ ಕಡೆ ಮೊಸಳೆಗಳಿವೆ ಎಂಬುದನ್ನೂ ಇಬ್ಬರೂ ಬರೆಯಲಿಲ್ಲ.

ಧಾರವಾಡ, ನಿವೃತ್ತ ಮಾಸ್ತರ: ನಾನು ಎಂದೂ ಒಬ್ಬನೇ ಇಳಿದವನಲ್ಲ. ಗದಗಿನವರೇ, ಹೊದಿಕೆಯ ಕುಣಿಕೆಯನ್ನು ಹೊರಗೆ ಕಾಣುವಂತೆ ಇಟ್ಟುಕೊಂಡು, ನಿಂತ ನೀರಿನಲ್ಲಿ ಮಗುಚಿ ಎಳೆದು ನೋಡಿದ್ದೀರಾ, ಇಲ್ಲವೇ ಕೇಳಿದ್ದನ್ನು ಬರೆಯುತ್ತಿದ್ದೀರಾ?