ಪದಚರ್ಚೆ: ‘ಬ್ರಶ್ ಸ್ಕ್ರಿಪ್ಟ್’ ಫಾಂಟಿಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ,

ಫಾಂಟುಗಳ ಬಗ್ಗೆ ಒಂದು ಕಿರುಪರಿಚಯ ಬರೆಯುತ್ತಿದ್ದೇನೆ, ಒಂದು ಪದದ ಹತ್ತಿರ ಕೈ ನಿಂತಿದೆ. ದಪ್ಪ ಬ್ರಶ್ಶಿನಲ್ಲಿ ಸರಸರ ಬರೆದ ಹಾಗೆ ಕಾಣುವ, ಪೋಸ್ಟರು, ಅಂಗಡಿ ಬೋರ್ಡು, ಸಿನಿಮಾ ಹೆಸರು ಇಂಥ ಕಡೆ ದೊಡ್ಡದಾಗಿ ಹಾಕುವ ಫಾಂಟಿಗೆ ಏನನ್ನೋಣ? ಇಂಗ್ಲಿಷಿನಲ್ಲಿ ಬ್ರಶ್ ಸ್ಕ್ರಿಪ್ಟ್ ಅಂತಾರೆ. ಅದೇ ಹೆಸರಿನ ಅಚ್ಚಕ್ಷರ 1942ರಲ್ಲೇ ಅಮೆರಿಕದಲ್ಲಿ ಬಂದಿತ್ತು. ನನ್ನ ತಲೆಯಲ್ಲಿರುವುದು ಅದಕ್ಕಿಂತ ದಪ್ಪನೆಯದು: ಅಕ್ಷರ ವಿನ್ಯಾಸಕ ರೋಜೆ ಎಕ್ಸ್‌ಕೊಫೊನ್ 1955ರಲ್ಲಿ ಫ್ರಾನ್ಸಿನ ಮಾರ್ಸೇಲಿನಲ್ಲಿ ಅಚ್ಚಕ್ಷರ ಎರಕ ಹೊಯ್ಯುತ್ತಿದ್ದ ಒಲಿವ್ ಫೌಂಡ್ರಿಗೆ ಮಾಡಿಕೊಟ್ಟ ‘ಶಾಕ್’. ನಾವು ಕರೆಂಟ್ ಶಾಕ್ ಅಂತೀವಲ್ಲ, ಅದೇ ಶಾಕ್. ಬ್ರಶ್ಶನ್ನು ಒತ್ತಿ ಎಳೆದು ಪಟ್ಟನೆ ಎತ್ತಿದ ಗುರುತು ಅಚ್ಚಿನ ಮೊಳೆಯಲ್ಲೂ, ಅಂದರೆ ಲೋಹದ ಬಿಡಿ ಅಕ್ಷರದಲ್ಲೂ, ಉಳಿದಿದೆ.

‘ಕುಂಚಾಕ್ಷರ’ ಅನ್ನಬಹುದು ಅಂತ ಗೆಳೆಯರೊಬ್ಬರು ಹೇಳಿದರು. ಕೇಳಲು ಚೆಂದ. ಬೋರ್ಡ್ ಬರೆಯುವವರ ಬಾಯಲ್ಲಿ ಕುಂಚ ಬರುವುದಿಲ್ಲ, ಅವರಿಗೆ ಬ್ರಶ್ಶೇ. ಅದು ಬಿಡಿ, ನನ್ನ ತಕರಾರು ಬೇರೆ. ಬ್ರಶ್ಶಿನ ಕೆಲಸದಲ್ಲಿ ಎರಡು ಬಗೆ ಇದೆ. ದಾರ ಹಿಡಿದು, ಸೀಮೆಸುಣ್ಣದಲ್ಲಿ ಅಕ್ಷರದ ಅಂಚು ಬರೆದುಕೊಂಡು, ಆಮೇಲೆ ನಿಧಾನಕ್ಕೆ ಒಳಗೆ ಬಣ್ಣ ತುಂಬುವುದು ಒಂದು. ಗೆರೆಗಿರೆ ಏನೂ ಇಲ್ಲದೆ ಚುನಾವಣೆಯ ಗೋಡೆಬರಹದ ಥರ ಒಂದೇ ಎಳೆತಕ್ಕೆ ಬರೆದು ಮುಂದಕ್ಕೆ ಹೋಗುವುದು ಇನ್ನೊಂದು. ಈ ಫಾಂಟುಗಳು ನಕಲು ಮಾಡುವುದು ಎರಡನೆಯದನ್ನು. ಎರಡನ್ನೂ ಕುಂಚಾಕ್ಷರ ಅಂದರೆ ಆ ವ್ಯತ್ಯಾಸವೇ ಹೋಯ್ತು, ಅಲ್ವಾ? ‘ಕೈಬರಹ’ ಇದ್ದ ಹಾಗೆ ‘ಬ್ರಶ್‌ಬರಹ’ ಅಂದರೆ ಬರೆಯುವ ಓಟವೂ ಸಿಗುತ್ತದೆ. ನನ್ನ ಓಟು ಸದ್ಯಕ್ಕೆ ಅದಕ್ಕೇ.

‘ಡಿಸ್‌ಪ್ಲೇ’ ಅನ್ನುವುದಕ್ಕೂ ಒಂದು ಪದ ಬೇಕು. ‘ಪ್ರದರ್ಶನಾಕ್ಷರ’ ಅಂದರೆ ದಸರಾ ವಸ್ತುಪ್ರದರ್ಶನ ನೆನಪಾಗುತ್ತದೆ. ದೊಡ್ಡದಾಗಿ ಮಾತ್ರ ಹಾಕಬೇಕಾದ ಅಕ್ಷರ ಅನ್ನುವುದು ಮುಖ್ಯ, ಕನ್ನಡದಲ್ಲಂತೂ ಇನ್ನೂ ಮುಖ್ಯ. ‘ಧನಲಕ್ಷ್ಮಿ ಫೈನಾನ್ಸ್’ ಅಂತ ಇಂಥ ದಪ್ಪ ಅಕ್ಷರದಲ್ಲಿ ಬೋರ್ಡಿಗೆ ಹಾಕಿ, ಸೊಗಸಾಗಿರುತ್ತದೆ. ಅದನ್ನೇ ವಿಸಿಟಿಂಗ್ ಕಾರ್ಡಿಗೆ ಇಳಿಸಿದರೆ ಧ ಕೆಳಗಿನ ಸಣ್ಣ ಸೀಳು ಮುಚ್ಚಿಕೊಂಡು ದನಲಕ್ಷ್ಮಿ ಆಗುತ್ತಾಳೆ, ಕ್ಷ ಕೆಳಗಿನ ಮ ಒತ್ತು ಬರೀ ಮಸಿಯ ಚುಕ್ಕೆ. ಅದಕ್ಕೆ ‘ತಲೆಬರಹದ ಫಾಂಟು’ ಅನ್ನೋಣ ಅಂದುಕೊಂಡೆ, ಆದರೆ ಪೇಪರಿನ ಹೆಡ್ಡಿಂಗಿಗೆ ಮಾತ್ರ ಅಂತ ಜನ ತಿಳಿದಾರು. ಮತ್ತೆ, ದಪ್ಪ ಇದ್ದದ್ದೆಲ್ಲ ಬ್ರಶ್ಶಿನದಲ್ಲ. ‘ಬಲೂ ತಮ್ಮ’ ಅನ್ನುವ ಕನ್ನಡ ಫಾಂಟು ದಪ್ಪಗಿದೆ, ಮುದ್ದಾಗಿದೆ, ತಲೆಬರಹಕ್ಕೇ ಸರಿ, ಆದರೆ ಅದರಲ್ಲಿ ಬ್ರಶ್ಶಿನ ಒರಟು ತುದಿ ಕಾಣುವುದಿಲ್ಲ.

ಹಳಬರಲ್ಲಿ ಒಂದು ಕೇಳಬೇಕು. ಮೊಳೆ ಜೋಡಿಸುವ ಕಾಲದಲ್ಲಿ ಕಥೆಯ ಹೆಸರನ್ನು ಕಲಾವಿದರ ಕೈಯಲ್ಲಿ ಬ್ರಶ್ಶಿನಲ್ಲಿ ಬರೆಸಿ ಬ್ಲಾಕ್ (ಅಚ್ಚಿನ ಪಡಿಯಚ್ಚು) ಮಾಡಿಸುತ್ತಿದ್ದರಲ್ಲ, ಆ ಅಕ್ಷರಕ್ಕೆ ಪ್ರೆಸ್ಸಿನೊಳಗೆ ಏನಾದರೂ ಹೆಸರಿತ್ತಾ, ಅಥವಾ ಸುಮ್ನೆ ‘ಬ್ಲಾಕ್’ ಅಂತಲೇ ಕರೆಯುತ್ತಿದ್ದರಾ?